ನಾಯಿಗೆ ಪ್ರಕಾಶ ಅಂತ ಹೆಸರಿಡುವ ಮುಂಚೆ

ನಾಯಿಗೆ ಮನುಷ್ಯರ ಹೆಸರಿಡುವಾಗ ನಾಯಿಯ ಚಿಂತೆ ಬೇಡ. ಅದು ಯಾವ ಹೆಸರಿಗಾದರೂ ಒಗ್ಗುತ್ತದೆ. ಯೋಚನೆ ಮಾಡಬೇಕಾದ್ದು ಅಕ್ಕಪಕ್ಕದವರ ಬಗ್ಗೆ. ದಾವಣಗೆರೆಯಲ್ಲಿ ನಮ್ಮ ಬೀದಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಗೇಟಲ್ಲಿ ನಿಂತು “ಏ ಮಂಜಾ, ಕಸಕ್ಕೆ ಬಾಯಿ ಹಾಕಬೇಡ!” ಅಂತ ಕೂಗಿದರೆ ಯಾವ ಮಂಜಣ್ಣ ಹೊರಗೆ ಬರುತ್ತಾರೋ ಹೇಳೋಕಾಗಲ್ಲ. ಹಾಗಾಗಿ ಮೊದಲು ಬೀದಿಯವರ ಹೆಸರನ್ನೆಲ್ಲ ನೆನಪು ಮಾಡಿಕೊಳ್ಳಿ. ಹಾಲು ಹಾಕುವವರು, ಬಾಡಿಗೆಯವರು ಸೇರಿ. ಮನೆ ಓನರ್ ಹೆಸರಂತೂ ಬೇಡವೇ ಬೇಡ. ಬೀಗರ ಹೆಸರೂ ಅಷ್ಟೇ.

ದೇವರ ಹೆಸರು, ಮಠದ ಸ್ವಾಮಿಗಳ ಹೆಸರು ಬಿಟ್ಟುಬಿಡಿ. ದುಗ್ಗಮ್ಮ, ತಿಪ್ಪೇಸ್ವಾಮಿ ಅಂದರೆ ನಮ್ಮ ಕಡೆ ಕೈ ಮುಗಿಯುವವರು ಜಾಸ್ತಿ. ಚಿತ್ರದುರ್ಗದಲ್ಲಿ ಹೆಣ್ಣು ನಾಯಿಗೆ ಓಬವ್ವ ಅಂತ ಇಟ್ಟು ನೋಡಿ, ಒನಕೆ ನಿಮ್ಮ ತಲೆ ಮೇಲೇ ಬೀಳುತ್ತದೆ.

ಕೂಗೋಕೆ ಚಿಕ್ಕ ಹೆಸರು ವಾಸಿ. ಸುನಿ, ಲತಾ, ಆಶಾ ಥರದ್ದು. ಬಾಬು ಬೇಡ, “ಬಾ” ಅಂದಾಗ ನಾಯಿಗೆ ಗೊಂದಲ. ಮನೆಯಲ್ಲಿ ವಿನಯ ಇದ್ದರೆ ನಾಯಿಗೆ ವಿನು ಅಂತ ಇಡಬೇಡಿ. ಊಟಕ್ಕೆ ಕರೆದರೆ ಇಬ್ಬರೂ ಓಡಿ ಬರುತ್ತಾರೆ, ಅಲ್ವಾ?

ಕಲಿಸೋದು ಸುಲಭ. ಹೆಸರು ಒಂದೇ ಸಲ ಕರೆಯಿರಿ. ತಿರುಗಿ ನೋಡಿದ ಕೂಡಲೇ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ದೋಸೆ ಜೊತೆಯ ಪಲ್ಯ, ಖಾರ ಮಂಡಕ್ಕಿ ಕೊಡಬೇಡಿ, ಈರುಳ್ಳಿ ನಾಯಿಗೆ ವಿಷ. ಬೈಯುವಾಗ ಹೆಸರು ಎತ್ತಬೇಡಿ. ಹೆಸರು ಕೇಳಿದರೆ ಬೈಗುಳ ಅಂತ ಗೊತ್ತಾದರೆ ಮಂಚದ ಕೆಳಗೆ ಸೇರುತ್ತದೆ. ಮನೆಯವರೆಲ್ಲ ಒಂದೇ ಹೆಸರಲ್ಲಿ ಕರೆಯಬೇಕು, ಅಜ್ಜಿಯೂ ಕೂಡ. ನಮ್ಮ ನಾಯಿ ಪ್ರಕಾಶನನ್ನು ನಮ್ಮಜ್ಜಿ ಈಗಲೂ “ಪರ್ಕಾಸ” ಅಂತಾರೆ, ಅದಕ್ಕೂ ಬರುತ್ತಾನೆ, ಅದು ಬೇರೆ ಮಾತು.

ದೊಡ್ಡ ನಾಯಿಯನ್ನು ಬೇರೆಯವರಿಂದ ತಂದಿದ್ದರೆ ಹಳೆಯ ಹೆಸರನ್ನು ಒಮ್ಮೆಗೇ ಕಿತ್ತುಹಾಕಬೇಡಿ. ಕೆಲವು ದಿನ “ಟಾಮಿ ಪ್ರಕಾಶ” ಅನ್ನಿ, ಆಮೇಲೆ ಟಾಮಿ ಬಿಡಿ.

ಇನ್ನು ಆಫೀಸಲ್ಲಿ ಮಾತಾಡುವಾಗ ಹುಷಾರು. “ಪ್ರಕಾಶನ್ನ ಕಟ್ಟಿಹಾಕಿ ಬಂದಿದೀನಿ, ಸಂಜೆ ಹುಳದ ಮಾತ್ರೆ ಹಾಕಬೇಕು” ಅಂತ ನಾನು ಫೋನಲ್ಲಿ ಹೇಳಿದ ಮೇಲೆ ಪಕ್ಕದ ಟೇಬಲ್ ಅಕ್ಕ ನಮ್ಮ ಯಜಮಾನರ ಆರೋಗ್ಯ ವಿಚಾರಿಸಿದರು. ಮೂರು ತಿಂಗಳ ಹೊತ್ತಿಗೆ ರೇಬಿಸ್ ಚುಚ್ಚುಮದ್ದು ಹಾಕಿಸುತ್ತೀರಲ್ಲ, ಆ ಕಾರ್ಡಲ್ಲೂ ನಾಯಿಯ ಹೆಸರು ಯಾವುದು, ಮಾಲೀಕರ ಹೆಸರು ಯಾವುದು ಅಂತ ಸರಿಯಾಗಿ ಬರೆಸಿ.