ಔಷಧಕ್ಕಲ್ಲ, ಪ್ರಶ್ನೆಗೆ ಗ್ರೇಡ್ ಕೊಡಿ

ನನ್ನ ಪಿಜಿ ವಿದ್ಯಾರ್ಥಿಗಳು "ಮೇಡಂ, ಆಸ್ಪಿರಿನ್‌ಗೆ ಎವಿಡೆನ್ಸ್ ಇದೆಯಾ?" ಅಂದರೆ ನಾನು ಉತ್ತರ ಕೊಡುವುದಿಲ್ಲ. ಯಾರಿಗೆ? ಯಾವುದಕ್ಕೆ ಹೋಲಿಸಿ? ಯಾವ ಪರಿಣಾಮಕ್ಕೆ? ಮೊದಲು ಅದನ್ನು ಬರೆಯಿರಿ ಅನ್ನುತ್ತೇನೆ.

ನಮ್ಮ ಚಿಕ್ಕಪ್ಪನನ್ನೇ ತೆಗೆದುಕೊಳ್ಳಿ. ವಯಸ್ಸು 71. ಹಾರ್ಟ್ ಅಟ್ಯಾಕ್ ಆಗಿಲ್ಲ, ಸ್ಟೆಂಟ್ ಇಲ್ಲ, ಲಕ್ವ ಹೊಡೆದಿಲ್ಲ. "ದಿನಾ ಒಂದು ಆಸ್ಪಿರಿನ್ ಶುರು ಮಾಡ್ಲೇನಮ್ಮಾ?" ಅಂತ ಕೇಳಿದರು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಮಾತ್ರೆ; ಹಾಗಾಗಿ ಇಲ್ಲಿ ಎರಡು ಪ್ರಶ್ನೆ ಇವೆ. ಹೃದಯದ ತೊಂದರೆ ತಪ್ಪುತ್ತದೆಯೇ? ರಕ್ತಸ್ರಾವ ಜಾಸ್ತಿಯಾಗುತ್ತದೆಯೇ? ಎರಡಕ್ಕೂ ಬೇರೆ ಬೇರೆ ಗ್ರೇಡ್, ಅಂದರೆ ಪುರಾವೆಯನ್ನು ಎಷ್ಟು ನಂಬಬಹುದು ಅನ್ನುವ ಮಟ್ಟ, ಕೊಡಬೇಕು.

ಗ್ರೇಡ್ ಪದ್ಧತಿಯಲ್ಲಿ ನಾಲ್ಕು ಮಟ್ಟ: ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ. ಚೀಟಿ ಎತ್ತಿದ ಹಾಗೆ ಗುಂಪು ಹಂಚಿ ಮಾಡಿದ ಪ್ರಯೋಗ 'ಹೆಚ್ಚು' ಇಂದ ಶುರು. ಸುಮ್ನೆ ಜನರನ್ನು ಗಮನಿಸಿ ಬರೆದದ್ದು 'ಕಡಿಮೆ' ಇಂದ. ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಂಡವರಿಗೆ ಹೃದ್ರೋಗ ಕಡಿಮೆ ಎಂದು ಅಂಥ ಅಧ್ಯಯನಗಳು ಹೇಳುತ್ತಿದ್ದವು. 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ ಆ ಲಾಭ ಕಾಣಲೇ ಇಲ್ಲ.

ಶುರುವಿನ ಮಟ್ಟದಿಂದ ಇಳಿಸಲು ಐದು ಕಾರಣ: ಪ್ರಯೋಗ ನಡೆಸಿದ ರೀತಿಯಲ್ಲೇ ದೋಷ, ಅಧ್ಯಯನಗಳ ನಡುವೆ ತಾಳೆಯಿಲ್ಲದಿರುವುದು, ನಮ್ಮ ರೋಗಿಗೆ ನೇರವಾಗಿ ಹೊಂದದಿರುವುದು, ಲೆಕ್ಕ ತೀರಾ ಅಂದಾಜಿನದಾಗಿರುವುದು, ಬೇಡವಾದ ಫಲಿತಾಂಶ ಪ್ರಕಟವಾಗದೆ ಉಳಿದಿರುವುದು. ಏರಿಸಲೂ ಕಾರಣಗಳಿವೆ, ಉದಾಹರಣೆಗೆ ಪರಿಣಾಮ ಬಹಳ ದೊಡ್ಡದಿದ್ದರೆ. ಅದು ಅಪರೂಪ.

ಈಗ ಚಿಕ್ಕಪ್ಪನ ಲೆಕ್ಕ. 2018ರಲ್ಲಿ ಬಂದ ಆಸ್ಪ್ರೀ ಪ್ರಯೋಗದಲ್ಲಿ 19,114 ಜನ ಇದ್ದರು. ಹೆಚ್ಚಿನವರು 70 ದಾಟಿದವರು, ಆರೋಗ್ಯವಂತರು. ಹೃದಯದ ವಿಷಯದಲ್ಲಿ ಹೇಳಿಕೊಳ್ಳುವ ಲಾಭ ಇಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಆಸ್ಪಿರಿನ್ ಗುಂಪಿನಲ್ಲಿ ಶೇ. 3.8, ಡಮ್ಮಿ ಮಾತ್ರೆಯ ಗುಂಪಿನಲ್ಲಿ ಶೇ. 2.8. ಅಂದರೆ ಸುಮಾರು ಐದು ವರ್ಷದಲ್ಲಿ ನೂರಕ್ಕೆ ಒಬ್ಬರು ಜಾಸ್ತಿ. ಇದು ನಡೆದದ್ದು ಆಸ್ಟ್ರೇಲಿಯಾ, ಅಮೆರಿಕದಲ್ಲಿ, 100 ಮಿಲಿಗ್ರಾಂನಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು 75. ಇಷ್ಟಕ್ಕೇ ರಕ್ತಸ್ರಾವದ ಗ್ರೇಡನ್ನು ನಾನಂತೂ ಇಳಿಸುವುದಿಲ್ಲ. ಹೃದಯದ ವಿಷಯದಲ್ಲಿ ಯಾರಾದರೂ ಇಳಿಸಿದರೆ ಜಗಳಕ್ಕೆ ಹೋಗುವುದಿಲ್ಲ; ನಮ್ಮವರಿಗೆ ಹೃದ್ರೋಗ ಚಿಕ್ಕ ವಯಸ್ಸಿಗೇ ಬರುತ್ತದೆ, ಅಲ್ವಾ.

ಪುರಾವೆ ಎಷ್ಟು ಗಟ್ಟಿ ಅನ್ನುವುದು ಒಂದು ಮಾತು, ಶಿಫಾರಸು ಎಷ್ಟು ಗಟ್ಟಿ ಅನ್ನುವುದು ಇನ್ನೊಂದು. ಶಿಫಾರಸಿಗೆ ಲಾಭ, ಹಾನಿ, ಖರ್ಚು, ರೋಗಿಯ ಇಷ್ಟ ಎಲ್ಲವೂ ಸೇರುತ್ತವೆ. ರೋಗ ತಡೆಯುವ ಬಗ್ಗೆ ಸಲಹೆ ಕೊಡುವ ತಜ್ಞರ ತಂಡವಾದ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಶಿಫಾರಸಿಗೆ ತನ್ನದೇ ಅಕ್ಷರಗಳನ್ನು ಬಳಸುತ್ತದೆ. ಹೃದ್ರೋಗ ಇಲ್ಲದವರು 60 ದಾಟಿದ ಮೇಲೆ ಹೊಸದಾಗಿ ಆಸ್ಪಿರಿನ್ ಶುರು ಮಾಡುವುದಕ್ಕೆ 2022ರಲ್ಲಿ ಅದು ಕೊಟ್ಟದ್ದು 'ಡಿ', ಅಂದರೆ ಬೇಡ. 40ರಿಂದ 59ರವರಲ್ಲಿ ಅಪಾಯ ಹೆಚ್ಚಿದ್ದವರಿಗೆ 'ಸಿ': ಡಾಕ್ಟರ ಜೊತೆ ಕೂತು ಮಾತಾಡಿ ನಿರ್ಧರಿಸಿ.

ಹಾರ್ಟ್ ಅಟ್ಯಾಕ್ ಆಗುತ್ತಿರುವವರ ಪ್ರಶ್ನೆಯೇ ಬೇರೆ. 1988ರ ಐಸಿಸ್-2 ಪ್ರಯೋಗದಲ್ಲಿ ಐದು ವಾರದೊಳಗೆ ಹೃದಯ, ರಕ್ತನಾಳದ ಕಾರಣಕ್ಕೆ ಸತ್ತವರು ಆಸ್ಪಿರಿನ್ ಇಲ್ಲದೆ ಶೇ. 11.8, ಆಸ್ಪಿರಿನ್ ಕೊಟ್ಟಾಗ ಶೇ. 9.4. ಟಾಸ್ಕ್ ಫೋರ್ಸ್‌ನ 'ಡಿ' ಹೃದ್ರೋಗ ಇಲ್ಲದವರಿಗೆ ಹೇಳಿದ್ದು. ಹಾಗಾಗಿ ಸ್ಟೆಂಟ್ ಹಾಕಿಸಿಕೊಂಡವರು, ಅಟ್ಯಾಕ್ ಆದವರು ಅದನ್ನು ನೋಡಿ ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ.