ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ

ಆಯುಧಪೂಜೆಗೆ ಎರಡು ದಿನ ಇರುವಾಗ ನಮ್ಮ ಮರಗೆಲಸದ ಶೆಡ್ಡನ್ನು ಗುಡಿಸಿ ಚೊಕ್ಕ ಮಾಡಿದ್ದೆವು. ತೇಗದ ಬಾಗಿಲುಗಳಿಗೆ ಅಂದೇ ಅಗಸೆ ಎಣ್ಣೆ ಉಜ್ಜಿದ್ದಾಗಿತ್ತು. ಒರೆಸಿದ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಪ್ಲಾಸ್ಟಿಕ್ ಬಕೆಟ್ಟಿಗೆ ತುರುಕಿ ಬೆಂಚಿನ ಕೆಳಗೆ ತಳ್ಳಿದವನು ನಾನೇ. ಪಕ್ಕದಲ್ಲೇ ಮರದ ಹೊಟ್ಟಿನ ಮೂಟೆ.

ರಾತ್ರಿ ಮರೆತ ಕನ್ನಡಕಕ್ಕೆಂದು ಹೋಗಿ ಷಟರ್ ಎತ್ತಿದರೆ ಸೀದ ಎಣ್ಣೆಯ ಘಾಟು. ಬಕೆಟ್ಟಿನ ಒಂದು ಬದಿ ಮೇಣದಂತೆ ಇಳಿದಿತ್ತು. ಮೇಲಿನ ಬಟ್ಟೆಗೆ ಏನೂ ಆಗಿರಲಿಲ್ಲ. ಕೋಲಿನಿಂದ ಸರಿಸಿದಾಗ ಒಳಗಿನವು ಕರಕಲು, ನಡುವೆ ಕೆಂಡ. ಮೇನ್ ಸ್ವಿಚ್ ಆರಿಸಿತ್ತು, ಬೀಡಿ ಸೇದುವವರು ನಮ್ಮಲ್ಲಿಲ್ಲ. ನೀರು ಸುರಿಯುವಾಗ ಕೈ ನಡುಗುತ್ತಿತ್ತು.

ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಕಾವು ಹುಟ್ಟುತ್ತದೆ. ಬಾಗಿಲಿನ ಮೇಲೆ ತೆಳುವಾಗಿರುವಾಗ ಆ ಕಾವು ಗಾಳಿಗೆ ಹೋಗುತ್ತದೆ. ಮುದ್ದೆಯೊಳಗೆ ಸಿಕ್ಕಿಕೊಂಡು ಏರುತ್ತಲೇ ಇರುತ್ತದೆ. ಕಡ್ಡಿ ಗೀರುವವರು ಬೇಕಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿಯಲ್ಲಿ 38 ಮಹಡಿಯ ಕಟ್ಟಡವೊಂದು ಹೊತ್ತಿಕೊಂಡಿದ್ದು ಇಂಥದೇ ಬಟ್ಟೆಗಳಿಂದ. ಅಗ್ನಿಶಾಮಕ ದಳದ ಮೂವರು ಜೀವ ಕಳೆದುಕೊಂಡರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಕೆಲಸ ಮುಗಿದ ಕೂಡಲೇ, ಚಹಾಕ್ಕೂ ಮೊದಲು, ಬಟ್ಟೆಗಳನ್ನು ಹಿತ್ತಲಿನ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರವುತ್ತೇವೆ. ಒಂದರ ಮೇಲೊಂದು ಬೀಳಬಾರದು, ಗೋಡೆಗೆ ತಾಗಬಾರದು. ಪೂರ್ತಿ ಗಟ್ಟಿಯಾಗಿ ಹಪ್ಪಳದಂತೆ ಆಗುವವರೆಗೆ ಅಲ್ಲಿಂದ ತೆಗೆಯುವುದಿಲ್ಲ. ಮಳೆಗಾಲದಲ್ಲಿ ಹರವಲು ಆಗದಿದ್ದರೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ, ಬಿಗಿಯಾದ ಮುಚ್ಚಳ ಹಾಕಿ ಶೆಡ್ಡಿನ ಹೊರಗೆ ಇಡುತ್ತೇವೆ. ಬಟ್ಟೆ ಮೇಲೆ ತೇಲಿದರೆ ಏನೂ ಉಪಯೋಗವಿಲ್ಲ, ಅದಕ್ಕೆಂದೇ ಒಂದು ಚಪ್ಪಟೆ ಕಲ್ಲು ಇಟ್ಟಿದ್ದೇವೆ.

ಚೆಲ್ಲಿದ ಎಣ್ಣೆಯ ಮೇಲೆ ಹೊಟ್ಟು ಉದುರಿಸಿ ಗುಡಿಸುವ ಹಳೆಯ ಅಭ್ಯಾಸವನ್ನೂ ಬಿಟ್ಟೆವು. ಎಣ್ಣೆ ಕುಡಿದ ಹೊಟ್ಟು ಮೂಟೆ ಸೇರಿದರೆ ಅದೂ ಬಟ್ಟೆಯಂತೆಯೇ ಕಾಯುತ್ತದೆ. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ತಂತಿಗೆ ಹಾಕುತ್ತೇವೆ. ಥಿನ್ನರಿನ ಗಸಿಯನ್ನು ಮೋರಿಗೆ ಸುರಿಯದೆ ಅದರದೇ ಡಬ್ಬದಲ್ಲಿ ಮುಚ್ಚಿಡುತ್ತೇವೆ. ತಿಳಿಯಾದ ಮೇಲಿನ ಭಾಗ ಬ್ರಷ್ ತೊಳೆಯಲು ಮತ್ತೆ ಬರುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಳಿ ಹಿಡಿಯುವುದಕ್ಕಿಂತ ಮೊದಲು ಆ ತಂತಿಯನ್ನು ತೋರಿಸುತ್ತೇನೆ. ಕರಗಿದ ಬಕೆಟ್ಟು ಇನ್ನೂ ಅದರ ಪಕ್ಕದಲ್ಲೇ ತೂಗುತ್ತಿದೆ.