ಬೋರ್ಡೋಗೆ ಹೊಸಬರಾ? ಆ 33ರ ಕಥೆ ಕೇಳಿ

ಬೋರ್ಡೋಗೆ ಬಂದ ಮೊದಲ ವಾರದಲ್ಲೇ 33 ಅನ್ನೋ ಸಂಖ್ಯೆ ನಿಮ್ಮ ಬೆನ್ನು ಹತ್ತುತ್ತದೆ. ಪಿನ್‌ಕೋಡ್ 33000. ಕಾರುಗಳ ನಂಬರ್ ಪ್ಲೇಟಿನಲ್ಲೂ ಹೆಚ್ಚಾಗಿ ಅದೇ. ಅದು ಜಿರೋಂಡ್ ಜಿಲ್ಲೆಯ ಸಂಖ್ಯೆ. ನಿಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರಿನ ನಡುವೆ, ಹುಟ್ಟಿದ ಜಿಲ್ಲೆಯ ಜಾಗದಲ್ಲಿ ಮಾತ್ರ 99 ಇರುತ್ತದೆ. ಹೊರದೇಶದಲ್ಲಿ ಹುಟ್ಟಿದವರಿಗೆಲ್ಲ ಹಾಗೇ, ಗಾಬರಿ ಬೇಡ.

ಈ ಜಿಲ್ಲೆಗಳೇ ಫ್ರೆಂಚ್ ಕ್ರಾಂತಿಯ ಕೂಸುಗಳು. 1790ರಲ್ಲಿ ರಾಜರ ಕಾಲದ ಪ್ರಾಂತ್ಯಗಳನ್ನು ಒಡೆದು, ನದಿ, ಬೆಟ್ಟಗಳ ಹೆಸರಿಟ್ಟರು. ಗರೋನ್ ಮತ್ತು ದೋರ್ದೋನ್ ನದಿಗಳು ಸೇರಿದ ಮೇಲಿನ ಅಗಲವಾದ ಅಳಿವೆಯೇ ಜಿರೋಂಡ್.

ಇಲ್ಲಿಂದ ಪ್ಯಾರಿಸ್‌ನ ಶಾಸನಸಭೆಗೆ ಆರಿಸಿ ಹೋದ ವೆರ್ನ್ಯೋ, ಗ್ವಾದೆ, ಜಾನ್ಸೊನೆ ಮೂವರೂ ವಕೀಲರು. ಅವರ ಗುಂಪಿಗೆ ಜಿರೋಂಡಿನರು ಅಂತಲೇ ಹೆಸರು ಬಿತ್ತು. ಪ್ಯಾರಿಸ್ಸಿನ ಜನಜಂಗುಳಿ ಇಡೀ ದೇಶವನ್ನು ಆಳಬಾರದು ಅನ್ನುವುದು ಅವರ ವಾದ. 1793ರ ಜೂನ್‌ನಲ್ಲಿ ಆಯುಧ ಹಿಡಿದ ಅದೇ ಜನ ಸಭೆಯನ್ನು ಸುತ್ತುವರಿದು ಅವರನ್ನು ಹೊರಹಾಕಿಸಿದರು. ಅಕ್ಟೋಬರ್ 31ಕ್ಕೆ ವೆರ್ನ್ಯೋ, ಜಾನ್ಸೊನೆ ತಲೆ ಕತ್ತರಿಸುವ ಗಿಲೋಟಿನ್ ಯಂತ್ರಕ್ಕೆ ಹೋದರು. ಸಿಟ್ಟು ಅಷ್ಟಕ್ಕೂ ತೀರಲಿಲ್ಲ ನೋಡಿ, ಜಿಲ್ಲೆಯ ಹೆಸರನ್ನೇ ಕಿತ್ತು ಬೆಕ್-ದಾಂಬೆಸ್ ಮಾಡಿದರು! 1795ರಲ್ಲಿ ಹಳೆಯ ಹೆಸರು ವಾಪಸ್ ಬಂತು.

ಕ್ಯಾಂಕೋನ್ಸ್ ಚೌಕದಲ್ಲಿ ಟ್ರಾಮ್ ಬದಲಿಸುವಾಗ ಐದು ನಿಮಿಷ ನಿಲ್ಲಿ. ಸರಪಳಿ ಮುರಿಯುವ ಸ್ವಾತಂತ್ರ್ಯದೇವಿ ತುದಿಯಲ್ಲಿರುವ ಕಂಬ ಈ ಜಿರೋಂಡಿನರದೇ ಸ್ಮಾರಕ. ಕೆಳಗಿನ ಕಂಚಿನ ಕುದುರೆಗಳನ್ನು ಎರಡನೇ ಮಹಾಯುದ್ಧದಲ್ಲಿ ಬಿಚ್ಚಿ ಒಯ್ದಿದ್ದರು. ಮತ್ತೆ ಇಲ್ಲಿ ನಿಲ್ಲಿಸಲು ಸುಮಾರು ನಲವತ್ತು ವರ್ಷ ಬೇಕಾಯಿತು. ಗಾಂಬೆತ್ತಾ ಚೌಕವನ್ನೂ ಸುಮ್ನೆ ದಾಟಬೇಡಿ. ಈಗ ಅದು ತೋಟ, ಆಗ ಊರಿನ ಗಿಲೋಟಿನ್ ನಿಂತಿದ್ದದ್ದು ಅಲ್ಲೇ.

ನನಗೆ ಇವರನ್ನು ಪೂರಾ ಹೊಗಳಲು ಆಗುವುದಿಲ್ಲ. ಸ್ವಾತಂತ್ರ್ಯದ ಭಾಷಣಕಾರರನ್ನು ಕಳಿಸಿದ ಈ ಬಂದರಿನ ಸಿರಿ ಬಂದದ್ದು ಗುಲಾಮರು ಬೆಳೆದ ಸಕ್ಕರೆ, ಕಾಫಿಯಿಂದ. ನದಿ ದಂಡೆಯ ಆ ಚೆಂದದ ಕಲ್ಲಿನ ಮನೆಗಳ ಹಿಂದೆ ಅದೂ ಇದೆ ಅಲ್ವಾ? ಅಕಿತೆನ್ ಮ್ಯೂಸಿಯಂನಲ್ಲಿ ಅದಕ್ಕೇ ಕೆಲವು ಕೋಣೆಗಳಿವೆ. ಮೊದಲು ಅಲ್ಲಿಗೆ ಹೋಗಿ.

ಭಾನುವಾರ ಬಿಡುವಿದ್ದರೆ ಸಾಂ-ಝಾನ್ ಸ್ಟೇಷನ್‌ನಿಂದ ರೈಲು ಹತ್ತಿ ಸೆಂತ್-ಎಮಿಲಿಯೋಂಗೆ ಹೋಗಿ ಬನ್ನಿ. ಗ್ವಾದೆ ಹುಟ್ಟಿದ್ದು ಅಲ್ಲಿ, ತಲೆಮರೆಸಿಕೊಂಡು ಸಿಕ್ಕಿಬಿದ್ದದ್ದೂ ಅಲ್ಲೇ, ಅಪ್ಪನ ಮನೆಯಲ್ಲಿ. 1794ರ ಜೂನ್‌ನಲ್ಲಿ ಅವನ ತಲೆ ಉರುಳಿದ್ದು ಬೋರ್ಡೋದಲ್ಲಿ. ಈಗ ಆ ಊರಿನ ದೊಡ್ಡ ಬೀದಿಗೆ ಅವನದೇ ಹೆಸರು. ಸ್ಟೇಷನ್‌ನಿಂದ ದ್ರಾಕ್ಷಿ ತೋಟಗಳ ನಡುವೆ ಸ್ವಲ್ಪ ದೂರ ನಡೆಯಬೇಕು. ಬಿಸಿಲಿಗೆ ಟೋಪಿ ಇರಲಿ.